ಹೆಬ್ಬೆ ಜಲಪಾತ: ಯಾರು, ಯಾವಾಗ, ಹೇಗೆ ಹೋಗಬೇಕು

ಚಿಕ್ಕಮಗಳೂರಿಗೆ ಬರುವವರು ಮೊದಲು ವಿಚಾರಿಸುವ ಜಲಪಾತಗಳಲ್ಲಿ ಹೆಬ್ಬೆಯೂ ಒಂದು. ಕೆಮ್ಮಣ್ಣುಗುಂಡಿ ಗಿರಿಧಾಮದ ಕೆಳಗಿನ ಕಣಿವೆಯಲ್ಲಿ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡಿನ ನಡುವೆ, 551 ಅಡಿ ಎತ್ತರದಿಂದ ಎರಡು ಹಂತಗಳಲ್ಲಿ ಇಳಿಯುವ ನೀರು ಇದು. ಒಂದು ಹಂತಕ್ಕೆ ದೊಡ್ಡ ಹೆಬ್ಬೆ, ಇನ್ನೊಂದಕ್ಕೆ ಚಿಕ್ಕ ಹೆಬ್ಬೆ ಎನ್ನುತ್ತಾರೆ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಅನುಮಾನವೇ ಇಲ್ಲದೆ ‘ಬಹಳ ಚೆನ್ನಾಗಿದೆ’ ಅನ್ನಬಹುದು. ಆದರೆ ಹೊರಡುವ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಜೊತೆಯಲ್ಲಿ ಯಾರ್‍ಯಾರಿದ್ದಾರೆ? ಇದು ಯಾವ ತಿಂಗಳು? ಅರಣ್ಯ ಇಲಾಖೆಯ ಗೇಟಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೀರಿ? ಇವು ಮೂರೂ ಕೂಡಿಬಂದರೆ ಜಿಲ್ಲೆಯಲ್ಲಿ ಇದಕ್ಕೆ ಸಾಟಿಯಾದ ಜಲಪಾತ ಇನ್ನೊಂದಿಲ್ಲ. ಒಂದು ತಪ್ಪಿದರೂ ದುಡ್ಡು ಕೊಟ್ಟು ಮೈಕೈ ನೋಯಿಸಿಕೊಂಡು ಬಂದ ಹಾಗಾಗುತ್ತದೆ.

ಹೆಬ್ಬೆಯ ಹೆಚ್ಚುಗಾರಿಕೆ ಏನು ಅನ್ನುವುದನ್ನು ಮೊದಲು ಹೇಳಬೇಕು. ಜೋಗ 253 ಮೀಟರ್, ಹೆಬ್ಬೆ ಸುಮಾರು 168 ಮೀಟರ್. ಎತ್ತರದಲ್ಲಿ ಜೋಗವೇ ದೊಡ್ಡದು. ಆದರೆ ಬಹುಪಾಲು ಜನ ಜೋಗವನ್ನು ನೋಡುವುದು ಕಣಿವೆಯ ಆಚೆ ದಂಡೆಯ ಕಟಾಂಜನದ ಹಿಂದೆ ನಿಂತು. ಅಲ್ಲಿ ಬೀಳುವ ನೀರಿಗೆ ಲಿಂಗನಮಕ್ಕಿ ಅಣೆಕಟ್ಟಿನ ಲೆಕ್ಕವೂ ಇದೆ. ಹೆಬ್ಬೆಯಲ್ಲಿ ಹಾಗಲ್ಲ, ನೀರು ಬೀಳುವ ಬುಡಕ್ಕೇ ಹೋಗಿ ಕತ್ತೆತ್ತಿ ನೋಡುತ್ತೀರಿ. ಸುತ್ತ ಕಾಡಿನ ಗೋಡೆ, ಮುಖಕ್ಕೆ ತುಂತುರು. ಮೇಲೆ ಅಣೆಕಟ್ಟಿನ ಹಂಗಿಲ್ಲ, ಬಾಬಾಬುಡನ್ ಗಿರಿಶ್ರೇಣಿಯ ಶೋಲಾ ಕಾಡು (ಬೆಟ್ಟದ ಮಡಿಲಿನ ಗಿಡ್ಡ ಮರಗಳ ನಿತ್ಯಹಸಿರು ಕಾಡು), ಹುಲ್ಲುಗಾವಲು ಹೀರಿ ಇಟ್ಟುಕೊಂಡ ಮಳೆನೀರೇ ನಿಧಾನವಾಗಿ ಇಳಿದು ಬರುತ್ತದೆ. ಮಳೆ ನಿಂತು ವಾರಗಳು ಕಳೆದ ಮೇಲೂ ಜಲಪಾತ ಬಿಳಿಯಾಗಿ ತುಂಬಿಕೊಂಡಿರುವುದು ಇದರಿಂದಲೇ.

ಅದಕ್ಕೇ ತಿಂಗಳ ಆಯ್ಕೆಯಲ್ಲಿ ಅವಸರ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಆಗ ನೀರಿನ ಅಬ್ಬರ ಜೋರು, ಆದರೆ ಮಂಜು ಮುಸುಕಿ ಜಲಪಾತವೇ ಕಾಣದ ದಿನಗಳೂ ಇರುತ್ತವೆ. ಉಂಬಳದ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಯ ಕಾಟ ಹೇಳತೀರದು. ಹಳ್ಳ ಏರಿದ ದಿನ ಅರಣ್ಯ ಇಲಾಖೆ ದಾರಿ ಮುಚ್ಚುತ್ತದೆ, ಮುಚ್ಚಲೂ ಬೇಕು. ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಹೆಬ್ಬೆ ತನ್ನ ಹದದಲ್ಲಿರುತ್ತದೆ. ನೀರಿಗೆ ಕಸುವಿರುತ್ತದೆ, ಕೆಸರಿನ ಬಣ್ಣ ಇಳಿದಿರುತ್ತದೆ, ಆಕಾಶ ತೆರವಾಗಿರುತ್ತದೆ, ಹಳ್ಳ ದಾಟಬಹುದಾದ ಮಟ್ಟಕ್ಕೆ ಬಂದಿರುತ್ತದೆ. ಡಿಸೆಂಬರ್, ಜನವರಿಯೂ ಒಳ್ಳೆಯದೇ. ನೀರು ತುಸು ಕಡಿಮೆಯಾದರೂ ಮಕ್ಕಳನ್ನು ಕರೆದೊಯ್ಯುವವರಿಗೆ ಇದೇ ಹೆಚ್ಚು ಅನುಕೂಲ. ಫೆಬ್ರವರಿ ಕಳೆದರೆ ಧಾರೆ ಸಣ್ಣಗಾಗುತ್ತ ಹೋಗುತ್ತದೆ, ಜೊತೆಗೆ ಕಾಳ್ಗಿಚ್ಚಿನ ಭಯ. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳನ್ನು ಕರೆತಂದು ‘ಫೋಟೋದಲ್ಲಿ ಕಂಡ ನೀರೆಲ್ಲಿ?’ ಎಂದು ಕೇಳುವವರು ಪ್ರತಿ ವರ್ಷವೂ ಇದ್ದಾರೆ. ಆ ಫೋಟೋ ತೆಗೆದದ್ದು ಅಕ್ಟೋಬರ್‌ನಲ್ಲಿ.

ದಿನದ ಲೆಕ್ಕವೂ ಅಷ್ಟೇ ಮುಖ್ಯ. ಶನಿವಾರ, ಭಾನುವಾರ, ದಸರಾ ರಜೆ, ಮೂರು ದಿನದ ಸಾಲುರಜೆಗಳಲ್ಲಿ ಜೀಪಿಗಾಗಿ ಕಾಯುವ ಹೊತ್ತು ಜಲಪಾತದಲ್ಲಿ ಕಳೆಯುವ ಹೊತ್ತಿಗಿಂತ ಹೆಚ್ಚಾಗುತ್ತದೆ. ದೀಪಾವಳಿಯ ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟ ಹತ್ತಲು ಸಾವಿರಾರು ಜನ ಸೇರುತ್ತಾರೆ. ಮಲ್ಲೇನಹಳ್ಳಿ ಕಡೆಯ ರಸ್ತೆಗಳು ಆಗ ತುಂಬಿರುತ್ತವೆ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ದಿನಗಳಲ್ಲಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಭಾಗಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ರೂಮು ಬುಕ್ ಮಾಡುವ ಮೊದಲು ಪಂಚಾಂಗ ನೋಡುವುದು ಒಳ್ಳೆಯದು. ಮಂಗಳವಾರದಿಂದ ಗುರುವಾರದೊಳಗೆ ಬರಲು ಸಾಧ್ಯವಾದರೆ ಅರ್ಧ ತೊಂದರೆ ತಾನಾಗಿಯೇ ಕಳೆಯುತ್ತದೆ.

ಇನ್ನು ದಾರಿ. ಚಿಕ್ಕಮಗಳೂರಿನಿಂದ ಕೆಮ್ಮಣ್ಣುಗುಂಡಿಗೆ ಎರಡು ಕಡೆಯಿಂದ ಬರಬಹುದು. ಒಂದು, ಕೈಮರ, ಅತ್ತಿಗುಂಡಿ ಮೇಲೆ ಗಿರಿಶ್ರೇಣಿ ಹಾಯ್ದು ಬರುವ ದಾರಿ. ನೋಟ ಚೆಂದ, ಆದರೆ ಇಕ್ಕಟ್ಟು, ತಿರುವು ಹೆಚ್ಚು, ಮಂಜು ಕವಿದರೆ ಎದುರಿನ ವಾಹನ ಹತ್ತಿರ ಬಂದ ಮೇಲೆಯೇ ಕಾಣುವುದು. ಗಿರಿಭಾಗಕ್ಕೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಮುಂಗಡ ಆನ್‌ಲೈನ್ ನೋಂದಣಿ ತಂದಿದೆ, ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಬೇರೆ ಬೇರೆ. ನೋಂದಣಿ ಇಲ್ಲದೆ ಕೈಮರಕ್ಕೆ ಬಂದರೆ ಅಲ್ಲಿಂದಲೇ ಹಿಂದಿರುಗಬೇಕಾದೀತು. ಎರಡನೆಯದು, ಕಡೂರು, ಬೀರೂರು, ಲಿಂಗದಹಳ್ಳಿ, ಕಲ್ಲತ್ತಿಗಿರಿ ಮೇಲೆ ಹತ್ತುವ ದಾರಿ. ದೂರ ಹೆಚ್ಚಾದರೂ ಹೊಸಬರು ಕಾರಿನಲ್ಲಿ ಬರಲು ಇದೇ ಸರಿ. ಹಾಸನದವರಿಗಂತೂ ಬೇಲೂರು, ಚಿಕ್ಕಮಗಳೂರು ಸುತ್ತುವುದಕ್ಕಿಂತ ಅರಸೀಕೆರೆ, ಕಡೂರು, ಬೀರೂರು ಮಾರ್ಗ ಒಳ್ಳೆಯದು. ಲಿಂಗದಹಳ್ಳಿವರೆಗೆ ಬಹುತೇಕ ಬಯಲುಸೀಮೆಯ ನೇರ ರಸ್ತೆ, ಘಟ್ಟ ಶುರುವಾಗುವುದು ಆಮೇಲೆ. ಬೇಲೂರು ದೇವಸ್ಥಾನವನ್ನೂ ಅದೇ ದಿನಕ್ಕೆ ಸೇರಿಸಿಕೊಳ್ಳುವ ಆಸೆ ಬಿಡಿ, ಎರಡಕ್ಕೂ ನ್ಯಾಯ ಸಿಗುವುದಿಲ್ಲ. ರೈಲಿನಲ್ಲಿ ಬರುವವರು ಬೀರೂರು ಜಂಕ್ಷನ್‌ನಲ್ಲೋ ತರೀಕೆರೆಯಲ್ಲೋ ಇಳಿದು ಟ್ಯಾಕ್ಸಿ ಮಾಡಬಹುದು.

ಪೆಟ್ರೋಲನ್ನು ಕೆಳಗಿನ ಊರುಗಳಲ್ಲೇ ತುಂಬಿಸಿಕೊಳ್ಳಿ. ಎಟಿಎಂ ಕೆಲಸವನ್ನೂ ಅಲ್ಲೇ ಮುಗಿಸಿ. ಬೆಟ್ಟದ ಮೇಲೆ ಫೋನಿನ ಸಿಗ್ನಲ್ ಬರುತ್ತ ಹೋಗುತ್ತ ಇರುತ್ತದೆ. ಜೀಪಿನ ಬಾಡಿಗೆ ಕೊಡುವ ಹೊತ್ತಿಗೆ ಫೋನ್‌ಪೇ ತಿರುಗುತ್ತಲೇ ಇದ್ದರೆ ಹಿಂದೆ ನಿಂತವರು ಮುಂದೆ ಹೋಗುತ್ತಾರೆ. 100, 200ರ ನೋಟುಗಳಲ್ಲಿ ನಗದು ಇಟ್ಟುಕೊಂಡಿದ್ದರೆ ಚಿಲ್ಲರೆಯ ತಕರಾರೂ ಇಲ್ಲ.

ಕೆಮ್ಮಣ್ಣುಗುಂಡಿ ರಸ್ತೆಯಲ್ಲಿರುವ ಅರಣ್ಯ ಇಲಾಖೆಯ ಗೇಟಿನ ಆಚೆಗೆ ಸ್ವಂತ ವಾಹನ ಬಿಡುವುದಿಲ್ಲ. ಅಲ್ಲಿ ಎರಡು ಬೇರೆ ಬೇರೆ ಖರ್ಚುಗಳಿವೆ, ಒಂದು ಇಲಾಖೆಯ ಪ್ರವೇಶ ಶುಲ್ಕ, ಇನ್ನೊಂದು ಜೀಪಿನ ಬಾಡಿಗೆ. ಎರಡನ್ನೂ ಒಂದೇ ಎಂದುಕೊಂಡು ‘ಮೊದಲು ಹೇಳಿದ್ದು ಒಂದು, ಈಗ ಕೇಳುವುದು ಇನ್ನೊಂದು’ ಎಂದು ಮನಸ್ಸು ಕಹಿ ಮಾಡಿಕೊಳ್ಳುವವರು ಬಹಳ. ದರಗಳು ಆಗಾಗ ಬದಲಾಗುತ್ತವೆ. ಹಳೆಯ ವಿಡಿಯೋದಲ್ಲಿ ಕೇಳಿದ ದರ ಹಿಡಿದುಕೊಂಡು ಬರಬೇಡಿ, ಆ ದಿನದ ದರವನ್ನು ಅಲ್ಲೇ ಕೇಳಿ ತಿಳಿದುಕೊಳ್ಳಿ. ಜೀಪಿನವರ ಹತ್ತಿರ ಹತ್ತುವ ಮೊದಲೇ ನಾಲ್ಕು ಮಾತು ಬಿಡಿಸಿ ಕೇಳಿ. ಬಾಡಿಗೆ ತಲೆಗೆ ಇಷ್ಟೋ, ಇಡೀ ಜೀಪಿಗೋ? ಹೋಗಿ ಬರುವುದಕ್ಕೆ ಸೇರಿಸಿಯೋ? ಕೆಳಗೆ ಎಷ್ಟು ಹೊತ್ತು ಕಾಯುತ್ತೀರಿ? ವಾಪಸ್ ಬರುವುದು ಇದೇ ಜೀಪಿನಲ್ಲೋ, ಯಾವುದರಲ್ಲಾದರೂ ಹತ್ತಬಹುದೋ? ಜೀಪಿನ ನಂಬರನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಕೆಳಗೆ ಒಂದೇ ಬಣ್ಣದ ಹತ್ತು ಜೀಪು ನಿಂತಿರುವಾಗ ನೀವು ಬಂದದ್ದು ಯಾವುದು ಎಂದು ಹುಡುಕುವುದು ಸುಲಭವಲ್ಲ. ಇಬ್ಬರೇ ಬಂದಿದ್ದರೆ ಉಳಿದ ಸೀಟು ತುಂಬುವವರೆಗೆ ಕಾಯಬೇಕು, ಇಲ್ಲವೇ ಪೂರ್ತಿ ಬಾಡಿಗೆ ಕೊಡಬೇಕು. ಆರೇಳು ಜನರ ಗುಂಪಾದರೆ ಎಲ್ಲ ರೀತಿಯಿಂದಲೂ ಲಾಭ.

ಜೀಪಿನ ಹಾದಿ ಹೆಚ್ಚೇನೂ ಉದ್ದವಲ್ಲ, ನಾಲ್ಕೈದು ಕಿಲೋಮೀಟರ್. ಆದರೆ ಅದನ್ನು ರಸ್ತೆ ಅನ್ನುವುದು ಕಷ್ಟ. ಮಳೆನೀರು ಕೊರೆದ ಕೊರಕಲು, ಮೇಲೆದ್ದ ಕಲ್ಲು, ಕಡಿದಾದ ಇಳಿಜಾರು. ಕೆಮ್ಮಣ್ಣುಗುಂಡಿ ಅನ್ನುವ ಹೆಸರೇ ಹೇಳುವ ಹಾಗೆ ಇಲ್ಲಿಯ ಮಣ್ಣು ಕಬ್ಬಿಣದ ಅಂಶದ ಕೆಂಪು ಮಣ್ಣು. ಒಂದು ಕಾಲದಲ್ಲಿ ಇಲ್ಲಿಂದಲೇ ಅದಿರು ತೆಗೆದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಾಗಿಸುತ್ತಿದ್ದರು. ಈ ಮಣ್ಣು ನೆನೆದರೆ ಸಾಬೂನಿನ ಹಾಗೆ ಜಾರುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಯೇ ಬೇಕಾಗುವುದು ಅದಕ್ಕೆ. ಹಿಂದಿನ ಅಡ್ಡ ಬೆಂಚಿನಲ್ಲಿ ಕೂತವರಿಗೆ ಕುಲುಕಾಟ ಹೆಚ್ಚು, ಮೇಲಿನ ಕಂಬಿ ಎರಡೂ ಕೈಯಲ್ಲಿ ಹಿಡಿಯಬೇಕು, ಬೆನ್ನನ್ನು ಹಿಂಬದಿಗೆ ಒತ್ತಿಡದೆ ತುಸು ಸಡಿಲವಾಗಿ ಕೂರಬೇಕು. ಬೆನ್ನುನೋವಿದ್ದವರು ಮುಂದಿನ ಸೀಟು ಕೇಳಿ ಪಡೆಯಿರಿ. ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಶನ್ ಆದವರು ಈ ಜೀಪು ಹತ್ತಲೇಬಾರದು. ‘ನಿಧಾನವಾಗಿ ಓಡಿಸುತ್ತೇವೆ’ ಎಂಬ ಭರವಸೆ ಸಾಲದು, ನಿಧಾನವಾಗಿ ಹೋದರೂ ಆ ಗುಂಡಿ ಗುಂಡಿಯೇ. ಕೈಗೂಸನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವುದೂ ಬೇಡ, ಕುಲುಕಿದಾಗ ಮಗುವಿನ ಕತ್ತು ತಡೆಯುವುದಿಲ್ಲ. ವಾಂತಿಯ ತೊಂದರೆ ಇರುವವರು ಒಂದು ಗಂಟೆ ಮೊದಲೇ ಎರಡು ಇಡ್ಲಿಯಷ್ಟು ಹಗುರವಾಗಿ ತಿಂದಿರಲಿ. ಹೊಟ್ಟೆ ಪೂರ್ತಿ ಖಾಲಿ ಇದ್ದರೂ ತಲೆ ಸುತ್ತುತ್ತದೆ.

ಅರ್ಧ ದಾರಿಯಲ್ಲಿ ಕಾಫಿ ತೋಟ ಸಿಗುತ್ತದೆ. ಈ ಬೆಟ್ಟಗಳಲ್ಲೇ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿಬೀಜ ತಂದು ಬಿತ್ತಿದರೆಂಬ ಮಾತು ಊರಿಗೆಲ್ಲ ಗೊತ್ತಿರುವುದೇ. ನವೆಂಬರ್ ಕೊನೆಯ ಹೊತ್ತಿಗೆ ಗಿಡದ ತುಂಬ ಕೆಂಪು ಹಣ್ಣಿರುತ್ತದೆ. ಅದು ವರ್ಷವಿಡೀ ದುಡಿದವರ ಫಸಲು, ಕೈ ಹಾಕಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ‘ಹೂಮಳೆ’ ಬಿದ್ದು ಎಂಟು ಹತ್ತು ದಿನಕ್ಕೆ ಈ ದಾರಿಯಲ್ಲಿ ಹೋದರೆ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂಥ ಘಮ ಬರುತ್ತದೆ. ಜಲಪಾತದಲ್ಲಿ ನೀರು ಕಡಿಮೆ ಇರುವ ಆ ಹೊತ್ತಿನಲ್ಲಿ ಹೋಗಲು ಇರುವ ಒಂದೇ ಕಾರಣ ಅದು, ಒಳ್ಳೆಯ ಕಾರಣವೂ ಹೌದು.

ಜೀಪು ನಿಲ್ಲುವಲ್ಲಿಂದ ಜಲಪಾತದ ಬುಡಕ್ಕೆ ಕಾಲುದಾರಿ. ಸುಮಾರು ಒಂದು ಕಿಲೋಮೀಟರ್ ಅಷ್ಟೇ, ಆದರೂ ಹೆಚ್ಚಿನವರು ಪೆಟ್ಟು ಮಾಡಿಕೊಳ್ಳುವುದು ಈ ಒಂದು ಕಿಲೋಮೀಟರಿನಲ್ಲೇ. ದಾರಿಯಲ್ಲಿ ಹಳ್ಳ ದಾಟಬೇಕು. ಕಲ್ಲಿನ ಮೇಲೆ ಪಾಚಿ. ಒಣಗಿದ ಹಾಗೆ ಕಾಣುವ ಕಪ್ಪು ಕಲ್ಲೇ ಹೆಚ್ಚು ಅಪಾಯದ್ದು, ಅದರ ಮೇಲೆ ತೆಳುವಾಗಿ ಅಂಟಿದ ಪಾಚಿ ಕಣ್ಣಿಗೆ ಬೀಳುವುದಿಲ್ಲ. ಕಲ್ಲಿಂದ ಕಲ್ಲಿಗೆ ಹಾರುವುದು ನೋಡಲು ಸುಲಭ, ಬೀಳುವುದೂ ಅಷ್ಟೇ ಸುಲಭ. ಹೆಜ್ಜೆಯನ್ನು ಕಲ್ಲಿನ ನೆತ್ತಿಯ ಮೇಲಿಡದೆ ಕಲ್ಲುಗಳ ನಡುವಿನ ಮರಳಿನಲ್ಲಿ ಇಡಿ. ಕಾಲು ಒದ್ದೆಯಾಗುತ್ತದೆ, ಆಗಲಿ. ಒದ್ದೆಯಾಗಬಾರದೆಂದು ಸರ್ಕಸ್ ಮಾಡಿದವರೇ ಮಣಿಕಟ್ಟು ಮುರಿದುಕೊಳ್ಳುವುದು.

ನೀರು ಮೊಣಕಾಲಿನ ಹತ್ತಿರ ಇದ್ದರೆ ದಾಟುವುದಕ್ಕೆ ಕ್ರಮವಿದೆ. ಮುಖವನ್ನು ನೀರು ಬರುವ ದಿಕ್ಕಿಗೆ ಮಾಡಿ ಓರೆಯಾಗಿ ಸರಿಯಬೇಕು. ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೆ ಇನ್ನೊಂದನ್ನು ಎತ್ತಬೇಕು, ಎತ್ತುವುದಕ್ಕಿಂತ ನೆಲ ತಡವುತ್ತ ಜರುಗಿಸಿದರೆ ಇನ್ನೂ ಒಳ್ಳೆಯದು. ಒಂದು ಗಟ್ಟಿ ಕೋಲಿದ್ದರೆ ಮೂರನೆಯ ಕಾಲಾಗುತ್ತದೆ. ಹರಿಯುವ ನೀರನ್ನೇ ದಿಟ್ಟಿಸಿದರೆ ತಲೆ ತಿರುಗುತ್ತದೆ, ಕಣ್ಣು ಎದುರು ದಂಡೆಯ ಮೇಲಿರಲಿ. ಬ್ಯಾಗಿನ ಎದೆಪಟ್ಟಿ, ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಬ್ಯಾಗು ಕಳಚಿಕೊಳ್ಳಬೇಕೇ ಹೊರತು ನಿಮ್ಮನ್ನು ಅಡಿಗೆ ಎಳೆಯಬಾರದು. ನೀರು ಮೊಣಕಾಲು ಮೀರಿದೆ, ಸೆಳೆತವೂ ಇದೆ ಎಂದರೆ ದಾಟಬೇಡಿ. ಕೊಟ್ಟ ದುಡ್ಡಿನ ಯೋಚನೆ ಆ ಹೊತ್ತಿನಲ್ಲಿ ಬೇಡ.

ಕಾಲಿಗೆ ಏನು ಹಾಕಿಕೊಳ್ಳಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ, ಹಿಂಬದಿ ಪಟ್ಟಿ ಇರುವ, ಅಡಿಯಲ್ಲಿ ಆಳವಾದ ಗೀರುಗಳಿರುವ ರಬ್ಬರಿನ ಸ್ಯಾಂಡಲ್. ಹವಾಯಿ ಚಪ್ಪಲಿಯ ಉಂಗುಟ ಮೊದಲ ಹಳ್ಳದಲ್ಲೇ ಕಿತ್ತುಬರುತ್ತದೆ. ಬೆಲೆಬಾಳುವ ಶೂ ನೀರು ಕುಡಿದು ಭಾರವಾಗುತ್ತದೆ, ಎರಡು ದಿನ ಒಣಗುವುದಿಲ್ಲ. ಬರಿಗಾಲಂತೂ ಬೇಡ, ಹಳ್ಳದ ತಳದಲ್ಲಿ ಒಡೆದ ಗಾಜು ಇರಬಹುದು. ಅದನ್ನು ಅಲ್ಲಿ ಬಿಟ್ಟುಹೋದವರು ನಮ್ಮಂಥ ಪ್ರವಾಸಿಗರೇ ಎಂಬುದು ನೋವಿನ ಸಂಗತಿ. ಜೀನ್ಸ್ ಪ್ಯಾಂಟೂ ಬೇಡ, ಒದ್ದೆಯಾದರೆ ಕಾಲು ಮಡಚಲು ಬಿಡುವುದಿಲ್ಲ. ಸೀರೆ ಉಟ್ಟು ಬರುವ ಅಮ್ಮಂದಿರು, ಅತ್ತೆಯಂದಿರು ಒಂದು ಚೂಡಿದಾರ ಜೊತೆಗಿಟ್ಟುಕೊಂಡರೆ ಹಳ್ಳದ ಹತ್ತಿರ ಸಂಕೋಚಪಟ್ಟು ದಡದಲ್ಲೇ ಉಳಿಯಬೇಕಾಗುವುದಿಲ್ಲ.

ಉಂಬಳದ ವಿಚಾರ. ಮಲೆನಾಡಿನವರಿಗೆ ಇದು ನಿತ್ಯದ ಮಾತು. ಪೇಟೆಗಳ ಕಡೆಯಿಂದ ಬಂದವರು ಮಾತ್ರ ಒಂದು ಉಂಬಳ ಕಂಡರೆ ಇಡೀ ಪ್ರವಾಸವನ್ನೇ ಕೆಡಿಸಿಕೊಳ್ಳುತ್ತಾರೆ. ಮಳೆಗಾಲದಲ್ಲೂ ಅದರ ನಂತರದ ವಾರಗಳಲ್ಲೂ ತರಗೆಲೆ ಬಿದ್ದ ನೆರಳಿನ ದಾರಿಯಲ್ಲಿ ಅವು ಇದ್ದೇ ಇರುತ್ತವೆ. ನಿಂತಲ್ಲಿ ಹತ್ತುತ್ತವೆ, ಹಾಗಾಗಿ ದಾರಿಯ ಮಧ್ಯೆ ನಿಂತು ಸೆಲ್ಫಿ ತೆಗೆಯುವುದನ್ನು ಬಿಟ್ಟು ನಡೆಯುತ್ತಲೇ ಇರಿ. ಉದ್ದದ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ, ಕಾಲುಚೀಲಕ್ಕೆ ಹೊಗೆಸೊಪ್ಪು ನೆನೆಸಿದ ನೀರನ್ನೋ ಉಪ್ಪುನೀರನ್ನೋ ಹಚ್ಚುವುದು ತೋಟದವರ ಹಳೆಯ ಉಪಾಯ. ಹಳ್ಳ ದಾಟಿದರೆ ಅದು ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಎಲೆಅಡಿಕೆಯ ಸುಣ್ಣದ ಸಣ್ಣ ಡಬ್ಬಿ ಜೇಬಿನಲ್ಲಿದ್ದರೆ ಸಾಕು, ಬೆರಳಿನ ತುದಿಯಷ್ಟು ತಾಕಿಸಿದರೆ ಉಂಬಳ ತಾನಾಗಿ ಉದುರುತ್ತದೆ. ಗಾಬರಿಯಿಂದ ಜಗ್ಗಬೇಡಿ, ಗಾಯ ದೊಡ್ಡದಾಗುತ್ತದೆ. ಸುಣ್ಣ ಇಲ್ಲದಿದ್ದರೆ ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕಡೆಯಿಂದ ಪಕ್ಕಕ್ಕೆ ಜಾರಿಸಿ. ಬಿಟ್ಟ ಮೇಲೂ ರಕ್ತ ಜಿನುಗುತ್ತಲೇ ಇರುತ್ತದೆ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಅಂಶ ಇರುವುದೇ ಇದಕ್ಕೆ ಕಾರಣ. ಸಾಬೂನಿನಿಂದ ತೊಳೆದು, ಚೊಕ್ಕ ಬಟ್ಟೆ ಒತ್ತಿ ಹಿಡಿದರೆ ಕ್ರಮೇಣ ನಿಲ್ಲುತ್ತದೆ. ನೋವಿಲ್ಲ, ಎರಡು ದಿನ ನವೆ ಇರುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಮಾತ್ರ ಉಂಬಳದ ಕಾಲದಲ್ಲಿ ಕರೆತರಬೇಡಿ.

ಬುಡಕ್ಕೆ ಮುಟ್ಟಿದ ಮೇಲೆ ಮೊದಲ ಹತ್ತು ನಿಮಿಷ ನೀರಿಗಿಳಿಯದೆ ಸುಮ್ಮನೆ ನಿಂತು ನೋಡಿ. ಕಣ್ಣಿಗೆ ಹಬ್ಬ ಅನ್ನುವುದು ಒಂದು, ಎಲ್ಲಿ ನೀರು ನೇರವಾಗಿ ಬಡಿಯುತ್ತಿದೆ, ಎಲ್ಲಿ ಸುಳಿ ಇದೆ, ಉಳಿದವರು ಎಲ್ಲಿ ನಿಂತಿದ್ದಾರೆ ಎಂಬುದು ತಿಳಿಯುವುದು ಇನ್ನೊಂದು. ಧಾರೆಯ ನೇರ ಕೆಳಗೆ ನಿಲ್ಲುವುದು ಅಪಾಯ. ಅಷ್ಟು ಎತ್ತರದಿಂದ ನೀರಿನ ಜೊತೆ ಮುಷ್ಟಿಗಾತ್ರದ ಕಲ್ಲು, ಮರದ ತುಂಡು ಬಂದರೂ ಮೇಲೆ ನೋಡಿ ತಪ್ಪಿಸಿಕೊಳ್ಳುವಷ್ಟು ಸಮಯ ಇರುವುದಿಲ್ಲ. ಬಿಳಿ ನೊರೆ ಏಳುವ ಜಾಗದಲ್ಲಿ ಈಜು ಬಲ್ಲವರೂ ಮುಳುಗುತ್ತಾರೆ, ಏಕೆಂದರೆ ಗಾಳಿ ಬೆರೆತ ನೊರೆನೀರು ಮೈಯನ್ನು ಬರಿ ನೀರಿನಷ್ಟು ಎತ್ತಿ ಹಿಡಿಯುವುದಿಲ್ಲ. ಅಂಚಿನ ಆಳವಿಲ್ಲದ ಜಾಗದಲ್ಲಿ ಕಲ್ಲಿಗೆ ಒರಗಿ ಕೂತು ತಲೆಗೆ ತುಂತುರು ಹೊಡೆಸಿಕೊಳ್ಳುವುದೇ ಹೆಬ್ಬೆಯ ಸ್ನಾನ. ಅದರಲ್ಲೇ ಮೈ ಜುಮ್ಮೆನ್ನುತ್ತದೆ. ನೀರು ಚಳಿಗಾಲದಲ್ಲಿ ತೀರ ತಣ್ಣಗೆ. ಮಕ್ಕಳ ತುಟಿ ನೀಲಿಯಾಗುವುದಕ್ಕೆ ಕಾಯದೆ ಹತ್ತು ನಿಮಿಷಕ್ಕೊಮ್ಮೆ ಮೇಲೆ ಕರೆದು ಒಣ ಟವೆಲ್ ಸುತ್ತಿ. ಈ ನೀರು ಗಿಡಮೂಲಿಕೆಗಳ ಬೇರು ತಾಕಿ ಬರುವುದರಿಂದ ಔಷಧೀಯ ಗುಣವಿದೆ ಎಂದು ಸುತ್ತಲಿನವರು ನಂಬುತ್ತಾರೆ. ಆ ಕಾರಣಕ್ಕೂ ಸೋಪು, ಶಾಂಪು ಚೀಟಿ ಇಲ್ಲಿಗೆ ತರಬೇಡಿ.

ಬಿಸಿಲಿದ್ದ ದಿನ ಸೂರ್ಯನಿಗೆ ಬೆನ್ನು ಮಾಡಿ ತುಂತುರಿನ ಕಡೆ ನೋಡಿದರೆ ಕಾಮನಬಿಲ್ಲು ಕಾಣುತ್ತದೆ. ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಸಾಕು, ಆದರೆ ಕುತ್ತಿಗೆಗೆ ಕಟ್ಟುವ ದಾರ ಇರಲಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಕಡಿದಾದ ಬೆಟ್ಟದ ಇಂಥ ಹಳ್ಳಗಳು ಏರುವುದು ನಿಮಿಷಗಳ ಲೆಕ್ಕದಲ್ಲಿ. ನೀವು ನಿಂತಲ್ಲಿ ಬಿಸಿಲಿರಬಹುದು, ಮೇಲಿನ ಹುಲ್ಲುಗಾವಲಿನಲ್ಲಿ ಮಳೆ ಹೊಡೆಯುತ್ತಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕಂದು ಬಣ್ಣಕ್ಕೆ ತಿರುಗಿದರೆ, ತರಗೆಲೆ ಕಡ್ಡಿಗಳು ರಾಶಿಯಾಗಿ ತೇಲಿಬಂದರೆ, ಭೋರ್ಗರೆತದ ದನಿ ದಪ್ಪವಾದರೆ, ಈಗಷ್ಟೇ ಒಣಗಿದ್ದ ಕಲ್ಲಿನ ಮೇಲೆ ನೀರು ಹತ್ತಿದರೆ, ಬಟ್ಟೆ ಚಪ್ಪಲಿ ಹುಡುಕದೆ ಎತ್ತರದ ದಡಕ್ಕೆ ಹೋಗಿ. ದಾಟಿ ಬಂದ ಹಳ್ಳ ಆಗಲೇ ಏರಿದ್ದರೆ ಈಚೆ ದಂಡೆಯಲ್ಲೇ ಕಾಯಿರಿ. ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ, ಒಂದೆರಡು ಗಂಟೆ ಚಳಿಯಲ್ಲಿ ನಡುಗಿದರೂ ಮನೆಗೆ ಮರಳುತ್ತೀರಿ. ಅಕ್ಟೋಬರ್‌ನಲ್ಲಿ ಹಿಂಗಾರಿನ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಬೆಳಗಿನ ಮೊದಲ ಜೀಪುಗಳಲ್ಲಿ ಹೋಗಿ ಎಂದು ಹೇಳುವುದಕ್ಕೆ ಜನಜಂಗುಳಿಗಿಂತ ದೊಡ್ಡ ಕಾರಣ ಇದೇ.

ಒಳಗೆ ಹೋಟೆಲು, ಅಂಗಡಿಯನ್ನು ನಂಬಿಕೊಂಡು ಹೋಗಬೇಡಿ. ಬಟ್ಟೆ ಬದಲಿಸುವ ಕೋಣೆ, ಶೌಚಾಲಯದ ವಿಷಯದಲ್ಲೂ ಹಾಗೇ, ಗೇಟಿನ ಮೊದಲೇ ಮುಗಿಸಿಕೊಂಡು ಹೊರಡಿ. ಹೆಣ್ಣುಮಕ್ಕಳಿದ್ದರೆ ಮರೆಗೆ ಹಿಡಿಯಲು ಒಂದು ಹಳೆಯ ಬೆಡ್‌ಶೀಟು ಬಹಳ ಕೆಲಸಕ್ಕೆ ಬರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ, ಎರಡು ಬಾಳೆಹಣ್ಣು, ತಲೆಗೆ ಒಂದು ಲೀಟರ್ ನೀರು ಸಾಕು. ತಿನ್ನುವುದನ್ನೂ ಕಾಡಿನೊಳಗೆ ಮಾಡದೆ ಗೇಟಿಗೆ ಬಂದ ಮೇಲೆ ಮಾಡಿದರೆ ಇನ್ನೂ ಉತ್ತಮ.

ಇಷ್ಟು ಕಟ್ಟುಪಾಡು ಯಾಕೆ ಎಂದು ಬೇಸರಪಡುವವರಿಗೆ ಈ ಕಾಡಿನ ಹಿನ್ನೆಲೆ ತಿಳಿದಿರಲಿ. ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿತು, ವಿಸ್ತೀರ್ಣ ಸುಮಾರು 492 ಚದರ ಕಿಲೋಮೀಟರ್. 2000ದ ದಶಕದ ಆರಂಭದಲ್ಲಿ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೇವರ ಬನ ಬಿಟ್ಟು ಎಂ.ಸಿ. ಹಳ್ಳಿ, ಕೆಳಗೂರುಗಳಿಗೆ ಹೋಗಿ ನೆಲೆಸಿದವು. ಹುಟ್ಟಿದ ಊರನ್ನೇ ಬಿಟ್ಟುಕೊಟ್ಟವರ ಕಾಡಿದು. ಎರಡು ಗಂಟೆಗೆ ಬಂದುಹೋಗುವ ನಾವು ಒಂದು ಚಿಪ್ಸ್ ಪೊಟ್ಟಣವನ್ನಾದರೂ ಜೇಬಿಗೆ ಹಾಕಿಕೊಂಡು ಹಿಂದಿರುಗದಿದ್ದರೆ ಅದು ಅವರಿಗೆ ಮಾಡುವ ಅನ್ಯಾಯ. ಸ್ಪೀಕರ್ ಹಚ್ಚುವುದು, ಕುಡಿಯುವುದು, ಕೋತಿಗಳಿಗೆ ಬಿಸ್ಕತ್ತು ಎಸೆಯುವುದು ಯಾವುದೂ ಬೇಡ.

ಜೊತೆಯಲ್ಲಿ ಅಜ್ಜ, ಅಜ್ಜಿ, ಕೈಗೂಸು ಇದ್ದರೆ ಹೆಬ್ಬೆಯ ಹಟ ಬಿಟ್ಟು ಕಲ್ಲತ್ತಿಗಿರಿಗೆ ಹೋಗಿ. ಕೆಮ್ಮಣ್ಣುಗುಂಡಿಯಿಂದ ಸುಮಾರು 10 ಕಿಲೋಮೀಟರ್, ಲಿಂಗದಹಳ್ಳಿಯಿಂದ ಬರುವ ದಾರಿಯಲ್ಲೇ ಸಿಗುತ್ತದೆ, ಕಾರು ಹತ್ತಿರದವರೆಗೂ ಹೋಗುತ್ತದೆ. ನೀರು ಸುಮಾರು 122 ಮೀಟರ್ ಎತ್ತರದ ಬೆಟ್ಟದಿಂದ ಇಳಿದು ವೀರಭದ್ರಸ್ವಾಮಿಯ ಗುಡಿಯ ಎದುರು ಬೀಳುತ್ತದೆ. ಗುಡಿ ವಿಜಯನಗರ ಕಾಲದ್ದು, ಕಲ್ಲಿನ ಆನೆಗಳ ಕೆತ್ತನೆ ನೋಡದೆ ಬರಬೇಡಿ. ಇದು ಪೂಜೆ ನಡೆಯುವ ಜಾಗ, ಒದ್ದೆ ಚಡ್ಡಿಯಲ್ಲಿ ಗುಡಿಯ ಮುಂದೆ ಓಡಾಡುವುದು ಊರಿನವರಿಗೆ ನೋವುಂಟುಮಾಡುತ್ತದೆ. ಕೋತಿಗಳು ಕೈಯಲ್ಲಿನ ಚೀಲಕ್ಕೇ ಕೈ ಹಾಕುತ್ತವೆ, ಹಣ್ಣುಕಾಯಿಯನ್ನು ಮುಚ್ಚಿದ ಚೀಲದಲ್ಲಿಡಿ. ಬೇಸಿಗೆಯಲ್ಲಿ ಇಲ್ಲೂ ನೀರು ಸಣ್ಣದು.

ಶೃಂಗೇರಿ ಕಡೆ ಹೊರಟವರಿಗೆ ಕಿಗ್ಗದ ಹತ್ತಿರದ ಸಿರಿಮನೆ ಇದೆ. ಎತ್ತರ ನಲವತ್ತು ಅಡಿಯಷ್ಟೇ, ಆದರೆ ಮೆಟ್ಟಿಲು ಇಳಿದರೆ ಬುಡಕ್ಕೇ ಹೋಗಬಹುದು, ಜೀಪಿನ ಕುಲುಕಾಟವಿಲ್ಲ. ಮಳೆಗಾಗಿ ಪ್ರಾರ್ಥಿಸುವ ಕಿಗ್ಗದ ಋಷ್ಯಶೃಂಗೇಶ್ವರನ ದರ್ಶನವೂ ಆಗುತ್ತದೆ. ಮಂಡಿನೋವಿನ ಹಿರಿಯರಿಗೆ ಮೆಟ್ಟಿಲು ಕಷ್ಟ, ಅರ್ಧದಲ್ಲೇ ಕೂತು ನೋಡಿದರೂ ನಷ್ಟವಿಲ್ಲ. ಅತ್ತಿಗುಂಡಿ ಕಡೆಯ ಝರಿ ಜಲಪಾತಕ್ಕೂ ಜೀಪು ಬೇಕು, ನೀರು ಬಂಡೆಯ ಮೇಲೆ ಹರಡಿ ಮಜ್ಜಿಗೆ ಚೆಲ್ಲಿದ ಹಾಗೆ ಇಳಿಯುತ್ತದೆ. ಒಂದೇ ಪ್ರವಾಸದಲ್ಲಿ ಹೆಬ್ಬೆ, ಝರಿ ಎರಡಕ್ಕೂ ಜೀಪು ಮಾಡುವುದು ಬೆನ್ನಿಗೂ ಜೇಬಿಗೂ ಭಾರ. ಒಂದನ್ನು ಆರಿಸಿ, ಮಾರ್ಗ ಕೆಮ್ಮಣ್ಣುಗುಂಡಿಯದಾದರೆ ಹೆಬ್ಬೆ, ಮುಳ್ಳಯ್ಯನಗಿರಿಯದಾದರೆ ಝರಿ. ಮಾಣಿಕ್ಯಧಾರಾ ಬಾಬಾಬುಡನ್‌ಗಿರಿಯ ಯಾತ್ರಿಕರ ಸ್ನಾನದ ತೀರ್ಥ, ಅಲ್ಲಿಗೆ ಮೋಜಿನ ಮನಸ್ಸಿನಿಂದ ಹೋಗುವುದು ಸರಿಯಲ್ಲ.

ಒಂದು ದಿನದಲ್ಲಿ ಇದನ್ನೆಲ್ಲ ಹೊಂದಿಸುವ ಬಗೆ ಹೀಗೆ. ಹಿಂದಿನ ರಾತ್ರಿ ಲಿಂಗದಹಳ್ಳಿ, ಬೀರೂರು, ತರೀಕೆರೆ ಸುತ್ತ ಉಳಿದುಕೊಳ್ಳಿ, ಇಲ್ಲವೇ ಕೆಮ್ಮಣ್ಣುಗುಂಡಿಯ ತೋಟಗಾರಿಕೆ ಇಲಾಖೆಯ ವಸತಿಗೃಹ ಮೊದಲೇ ಕಾದಿರಿಸಿ. ಮೇಲೆ ಉಳಿದವರು ಮುಂಜಾನೆ ಝಡ್ ಪಾಯಿಂಟ್ ಎಂಬ ಬೆಟ್ಟದ ತುದಿಯ ನೋಟದ ಜಾಗಕ್ಕೆ ನಡೆದು ಬರಬಹುದು, ಅದೇ ದಾರಿಯಲ್ಲಿ ಶಾಂತಿ ಜಲಪಾತ ಸಿಗುತ್ತದೆ. ಹೆಬ್ಬೆಯೇ ಮುಖ್ಯ ಎನ್ನುವವರು ಗೇಟು ತೆರೆಯುವ ಹೊತ್ತಿಗೇ ಅಲ್ಲಿರಲಿ. ಜೀಪು, ನಡಿಗೆ, ನೀರು, ವಾಪಸ್ ಸೇರಿ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಕೆಮ್ಮಣ್ಣುಗುಂಡಿಯ ತೋಟ, ಇಳಿಯುವಾಗ ಕಲ್ಲತ್ತಿಗಿರಿ. ಸಂಜೆ ಐದರೊಳಗೆ ಘಟ್ಟ ಇಳಿಯಲು ಶುರುಮಾಡಿ. ಮಂಜು ಬಂದರೆ ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಹಿಂದಿರುಗುತ್ತದೆ. ಲೋಬೀಮಿನಲ್ಲಿ ಎರಡನೇ ಗೇರಿಗೆ ಹಾಕಿ, ತಿರುವಿಗೆ ಮೊದಲು ಒಮ್ಮೆ ಹಾರ್ನ್ ಮಾಡಿ, ಹತ್ತಿ ಬರುವ ವಾಹನಕ್ಕೆ ದಾರಿ ಬಿಡಿ. ಒದ್ದೆ ಬಟ್ಟೆ ತುಂಬಿದ ಚೀಲವನ್ನು ಡಿಕ್ಕಿಗೆ ಹಾಕುವ ಮೊದಲು ಒಮ್ಮೆ ಜೋರಾಗಿ ಕೊಡವಿ, ಉಂಬಳ ಉಳಿದಿದ್ದರೆ ಅಲ್ಲೇ ಬೀಳಲಿ.